ಹಳಿಯಾಳದ ಫೈನಲ್

ಬಾಳೆಕಂಬವನ್ನು ಹೆಣ ಹೊರುವ ವಿಮಾನದ ಬಿದಿರಿಗೆ ಬಿಗಿಯುತ್ತಿದ್ದ ವಜೀರನಿಗೆ ಬೆನ್ನ ಹಿಂದಿನ ಮಾತು ಕೇಳಿಸಿತು. ಅಂಗಳದಲ್ಲಿ ನಿಂತಿದ್ದ ಇಬ್ಬರು ಮುದುಕರು ಮಾಡಿನ ಸಾಗವಾನಿ ತೊಲೆಗಳನ್ನು ನೋಡುತ್ತಿದ್ದರು. ಮ್ಯಾಚ್ ಮಾರಿಕೊಂಡು ಹಾಕಿಸಿದ ತೊಲೆಗಳು, ಆಳೇ ಹೋದರೂ ಗಟ್ಟಿಯಾಗಿವೆ ಎಂದು ಒಬ್ಬ ಹೇಳಿದ. ಸತ್ತವರ ಮನೆಯಲ್ಲಿ ಅದೆಲ್ಲ ಬೇಡ ಎಂದನೇ ಹೊರತು, ಅದು ಸುಳ್ಳು ಎಂದು ಇನ್ನೊಬ್ಬ ಹೇಳಲಿಲ್ಲ.

ಒಳಗೆ ಪಡಸಾಲೆಯಲ್ಲಿ ಉಳವಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಿಂದಿನ ದಿನ ಮಿಲ್ಲಿನ ಪಾಳಿ ಮುಗಿಸಿ ಬಂದವನು ಕೈಕಾಲು ತೊಳೆಯುತ್ತ ಬಚ್ಚಲಲ್ಲೇ ಕುಸಿದು ಪ್ರಾಣ ಬಿಟ್ಟಿದ್ದ. ಐವತ್ತೊಂಬತ್ತು ವಯಸ್ಸು. ಹೆಂಡತಿ ಸುಶೀಲವ್ವ ಅವನ ಪಕ್ಕದಿಂದ ಎದ್ದಿರಲಿಲ್ಲ. ಮುಂಡಗೋಡದಲ್ಲಿ ಶಾಲೆ ಕಲಿಸುವ ಮಗಳು ಸಹನಾ ಬಂದವರಿಗೆಲ್ಲ ನೀರು ಕೊಡುತ್ತಿದ್ದಳು.

ಉಳವಪ್ಪನ ಹಳೆಯ ತಂಡದ ಜ್ಯೋತಿಬಾ ಮಾತ್ರ ಅಂಗಳಕ್ಕೆ ಬಂದಿರಲಿಲ್ಲ. ರಸ್ತೆಯ ಆಚೆ ಕರೆಂಟಿನ ಕಂಬದ ಬುಡದಲ್ಲಿ ಮುಂಜಾನೆಯಿಂದ ನಿಂತೇ ಇದ್ದ.

*

ಅಂಬೇವಾಡಿಯಲ್ಲಿ ಆ ವಾಲಿಬಾಲ್ ತಂಡವನ್ನು ಕಟ್ಟಿದವನು ಉಳವಪ್ಪ. ಆಗ ಪ್ರತಿ ತಂಡದ ಹಿಂದೆಯೂ ಒಬ್ಬ ಸಾಹುಕಾರನೋ ಒಂದು ಪಕ್ಷವೋ ಇರುತ್ತಿತ್ತು. ನಮಗೆ ಯಾರ ಹಂಗೂ ಬೇಡ ಎಂದು ಅವನು ಆರು ಜನರನ್ನು ಕೂಡಿಸಿ, ತಂಡಕ್ಕೆ 'ಸ್ವತಂತ್ರ' ಎಂದು ಹೆಸರಿಟ್ಟ. ಮೊದಲ ನೆಟ್ಟು ಕಾಳಿ ಹೊಳೆಯ ಮೀನುಗಾರನೊಬ್ಬ ಬಿಸಾಡಿದ ಬಲೆ. ಹನ್ನೆರಡು ವರ್ಷ ಜೋಯಿಡಾ, ಹಳಿಯಾಳ, ಮುಂಡಗೋಡ ಎಂದು ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಆಡಿದರು. ಗೆದ್ದಾಗ ಸಿಕ್ಕ ಸ್ಟೀಲಿನ ಕೊಡ ಸರದಿಯಂತೆ ಒಬ್ಬೊಬ್ಬರ ಮನೆ ಸೇರುತ್ತಿತ್ತು. ಒಮ್ಮೆ ಕುಳಗಿಯ ಕಾಡಿನಲ್ಲಿ ಬಸ್ಸು ಕೆಟ್ಟು, ಸೋತ ಆರೂ ಜನ ಹಾಡುತ್ತ ಊರಿನವರೆಗೆ ನಡೆದಿದ್ದರು. ಜ್ಯೋತಿಬಾ ಚೆಂಡು ಎತ್ತಿ ಕೊಡುವವನು, ವಜೀರ ಹೊಡೆಯುವವನು. ಗ್ಯಾರೇಜಿನ ಎಣ್ಣೆ ಕೈಯಲ್ಲೇ ಅವನು ಮೈದಾನಕ್ಕೆ ಓಡಿ ಬರುತ್ತಿದ್ದ.

ಹದಿನೆಂಟು ವರ್ಷಗಳ ಹಿಂದೆ ಹಳಿಯಾಳದಲ್ಲಿ ಫೈನಲ್. ಎದುರಿಗೆ ಅಲ್ಲಿನ ಕಟ್ಟಿಗೆ ಸಾಹುಕಾರನ ತಂಡ. ಗೆದ್ದವರು ಜಿಲ್ಲೆಯ ಪಂದ್ಯಕ್ಕೆ ಹೋಗುತ್ತಿದ್ದರು. ಅಲ್ಲಿ ಆಟಗಾರರನ್ನು ಆರಿಸಿ ನೌಕರಿಗೆ ತೆಗೆದುಕೊಳ್ಳುವವರು ಬರುತ್ತಾರೆಂಬ ಸುದ್ದಿಯಿತ್ತು. ವಜೀರನಿಗೆ ಮೂವತ್ತೊಂದು ತುಂಬಿತ್ತು. ಇದೇ ಕಡೆಯ ಅವಕಾಶ ಎಂದು ಅವನಿಗೆ ಗೊತ್ತಿತ್ತು.

ಕೊನೆಯ ಸೆಟ್ಟಿನಲ್ಲಿ ಹದಿನಾಲ್ಕು–ಹದಿಮೂರು ಮುಂದಿದ್ದರು. ಎದುರಿನವನು ಹೊಡೆದ ಚೆಂಡು ನೆಟ್ಟಿನ ಮೇಲೆ ವಜೀರನ ನಡುಬೆರಳ ತುದಿಯನ್ನು ಸವರಿಕೊಂಡು ಹೊರಗೆ ಬಿತ್ತು. ತಾಗಿ ಹೊರಬಿದ್ದರೆ ಪಾಯಿಂಟು ಎದುರಿನವರದು. ರೆಫ್ರಿ ಅದನ್ನು ಕಾಣಲಿಲ್ಲ, ಪಾಯಿಂಟು ಇವರಿಗೆ ಕೊಟ್ಟ. ಜನ ಒಳಗೆ ನುಗ್ಗುವಷ್ಟರಲ್ಲಿ ಪಕ್ಕದಲ್ಲೇ ಜಿಗಿದಿದ್ದ ಉಳವಪ್ಪ ಕೈ ಎತ್ತಿ, ಚೆಂಡು ನಮ್ಮವನಿಗೆ ತಾಗಿದೆ ಎಂದುಬಿಟ್ಟ. ಅದರ ಹಿಂದೆ ಇನ್ನೆರಡು ಪಾಯಿಂಟು ಹೋದವು. ಆಟವೂ ಹೋಯಿತು.

ಅಲ್ಲೇ ಮೈದಾನದಲ್ಲಿ ಜ್ಯೋತಿಬಾ ವಜೀರನ ಅಂಗಿಯ ಕೊರಳಪಟ್ಟಿ ಹಿಡಿದು ಕೇಳಿದಾಗ, ಅವನು ಅಲ್ಲಾಹುವಿನ ಆಣೆ ಮಾಡಿ ತಾಗಿಲ್ಲ ಎಂದ. ಉಳವಪ್ಪ ಅವನ ಮುಖವನ್ನು ಒಮ್ಮೆ ನೋಡಿದ. ಆಮೇಲೆ ಯಾರು ಏನು ಕೇಳಿದರೂ ಮಾತಾಡಲಿಲ್ಲ.

ಎರಡು ತಿಂಗಳಿಗೆ ಅವನ ಮನೆಗೆ ಸಾಗವಾನಿ ತೊಲೆಗಳು ಬಂದವು. ಸಾಹುಕಾರ ಕೊಟ್ಟ ಕಟ್ಟಿಗೆ ಎಂದು ಊರು ಮಾತಾಡಿತು. ಅವು ಸುಶೀಲವ್ವನ ತವರಿನಲ್ಲಿ ಕೆಡವಿದ ಮನೆಯ ತೊಲೆಗಳು. ಅವನ್ನು ತಂದ ಟೆಂಪೊ ದಾರಿಯಲ್ಲಿ ಕೆಟ್ಟಾಗ ರಿಪೇರಿ ಮಾಡಿದವನು ವಜೀರನೇ. ಆಗಲೂ ಅವನು ಬಾಯಿ ಬಿಡಲಿಲ್ಲ. ತಂಡ ಒಡೆಯಿತು. ಉಳವಪ್ಪ ಮಾತ್ರ ತನ್ನ ಗಾಡಿಯನ್ನು ವಜೀರನ ಗ್ಯಾರೇಜಿಗೇ ತರುತ್ತಿದ್ದ. ಚೈನಿನ ಮಾತು, ಬ್ರೇಕಿನ ಮಾತು ಆಡುತ್ತಿದ್ದ. ಹೋಗುವಾಗ ಬರ್ತೇನಿ ಎನ್ನುತ್ತಿದ್ದ.

*

ಸಹನಾ ನೀರಿನ ತಂಬಿಗೆ ಹಿಡಿದು ವಿಮಾನದ ಹತ್ತಿರ ಬಂದಳು. ಮುದುಕರ ಮಾತು ಅವಳಿಗೂ ಕೇಳಿತ್ತು.

"ಕಾಕಾ, ಅಪ್ಪನ್ನ ಕೇಳಾಕ ನನಗ ಧೈರ್ಯ ಆಗಲಿಲ್ಲ. ನೀವು ಹೇಳ್ರಿ. ಅಪ್ಪ ಮ್ಯಾಚ್ ಮಾರಿದ್ದು ಖರೆ ಏನ್ರಿ?"

ಇಲ್ಲವ್ವ ಎಂದ ವಜೀರ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವಳು ಅಲ್ಲಿಂದ ಕದಲಲಿಲ್ಲ. ಅವನು ಹಗ್ಗ ಬಿಟ್ಟು ಎದ್ದು ನಿಂತು, ರಸ್ತೆಯ ಕಡೆ ತಿರುಗಿದ.

"ಆ ಬಾಲ್ ನನ್ನ ಬೆರಳಿಗೆ ತಾಗಿತ್ತು," ಎಂದ, ಎಲ್ಲರಿಗೂ ಕೇಳುವಂತೆ. "ಉಳವಪ್ಪಣ್ಣ ಖರೇನ ಹೇಳಿದ್ದ. ನಾ ಸುಳ್ಳ ಆಣಿ ಮಾಡಿದ್ನಿ."

ಜ್ಯೋತಿಬಾ ರಸ್ತೆ ದಾಟಿ ಒಳಗೆ ಬಂದ.

"ಹದಿನೆಂಟ ವರ್ಷ ನಾ ಈ ಹೊಸ್ತಿಲಾ ತುಳಿಲಿಲ್ಲೋ ವಜೀರ. ನಿನ್ನ ಮಾತ ನಂಬಿ."

ಸಹನಾ ಬಾಗಿ ಹಗ್ಗದ ತುದಿ ಎತ್ತಿಕೊಂಡು, ಉಳಿದ ಗಂಟನ್ನು ತಾನೇ ಹಾಕಿದಳು. ಒಳಗಿನಿಂದ ಸುಶೀಲವ್ವನ ದನಿ ಬಂತು. ಅತ್ತು ಅತ್ತು ಅದು ಒಣಗಿತ್ತು.

"ನನಗ ಗೊತ್ತಿತ್ತು. ಎಲ್ಲಾರಿಗೂ ಹೇಳಿಬಿಡ್ರಿ ಅಂತ ಎಷ್ಟೋ ಸರ್ತಿ ಜಗಳಾ ತಗದೇನಿ. ಅಂವಾ ದೇವರ ಹೆಸರ ತಗೊಂಡಾನ, ಈಗ ನಾ ಬಾಯಿ ಬಿಟ್ರ ಮಸೂದಿ ಮೆಟ್ಲ ಹೆಂಗ ಹತ್ತತಾನ ಅಂತಿದ್ರು ನಮ್ಮನಿಯವ್ರು."

*

ಹೆಗಲು ಕೊಡುವುದಕ್ಕೆ ಜ್ಯೋತಿಬಾ ಮುಂದಾದ. ವಜೀರ ಎಲ್ಲರಿಗಿಂತ ಹಿಂದೆ, ಒಬ್ಬನೇ ನಡೆದ.

ಸ್ಮಶಾನದಲ್ಲಿ ಕುಣಿ ಸಿದ್ಧವಿತ್ತು. ಮಂತ್ರ ಹೇಳಲು ಬಂದಿದ್ದ ಅಡಿವೆಯ್ಯಸ್ವಾಮಿ, ಕೂರಿಸುವಾಗ ದೇಹ ವಾಲದಂತೆ ಹಿಡಿಯಲು ಇಬ್ಬರು ಒಳಗೆ ಇಳಿಯಬೇಕು ಎಂದ. ಜ್ಯೋತಿಬಾ ಇಳಿದ. ಎರಡನೆಯವರು ಯಾರು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು.

"ವಜೀರ ಇಳೀಲಿ," ಎಂದಳು ಸುಶೀಲವ್ವ.

ಯಾರೋ ಗೊಣಗಿದರು. ಅವಳು ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಅಡಿವೆಯ್ಯ ತಲೆಯಾಡಿಸಿದ.

ಇಬ್ಬರೂ ಸೇರಿ ಉಳವಪ್ಪನನ್ನು ಕೂರಿಸಿದರು. ವಿಭೂತಿ ಇಟ್ಟರು, ಪತ್ರಿ ಏರಿಸಿದರು. ಜ್ಯೋತಿಬಾ ವಜೀರನ ಕಡೆ ನೋಡದೆ ಮೇಲೆ ಹತ್ತಿಹೋದ. ಅಷ್ಟರಲ್ಲಿ ಉಳವಪ್ಪನ ತಲೆ ಒಂದು ಕಡೆ ವಾಲಿತು. ವಜೀರ ಪಕ್ಕದಲ್ಲೇ ಕೂತು ಅದಕ್ಕೆ ಹೆಗಲು ಕೊಟ್ಟ, ಬೆನ್ನ ಹಿಂದೆ ಅಂಗೈ ಒತ್ತಿ ಹಿಡಿದ. ಮೇಲಿನಿಂದ ಮೊದಲ ಹಿಡಿ ಮಣ್ಣು ಬಿತ್ತು, ಆಮೇಲೆ ಬುಟ್ಟಿ ಬುಟ್ಟಿಯಾಗಿ ಬೀಳತೊಡಗಿತು. ಇನ್ನು ಮೇಲೆ ಹತ್ತಿ ಬಾ ಎಂದು ಯಾರೂ ಅವನಿಗೆ ಹೇಳಲಿಲ್ಲ, ಅವನೂ ಏಳಲಿಲ್ಲ. ಬುಟ್ಟಿ ಹಿಡಿದವನು ಕೈ ತಡೆದು ಸಹನಾಳ ಮುಖ ನೋಡಿದ. ಅವಳು ಕುಣಿಯೊಳಗೆ ನೋಡುತ್ತ ನಿಂತಿದ್ದಳು. ಅಲ್ಲಿ ಮಣ್ಣು ಇಬ್ಬರ ಮಡಿಲಲ್ಲೂ ತುಂಬುತ್ತ ಬಂದಿತ್ತು.