ಒಂದೇ ಹಾಳೆಯ ಕಡಲು

ಬಿಸಿಲು ಬ್ಲೇಡಿನ ತುದಿಗೆ ಬಂದು ಕೂತಿದೆ, ಸಾಸಿವೆ ಕಾಳಿನಷ್ಟು, ಕಣ್ಣಿಗೆ ಹೊಡೆಯುತ್ತಿದೆ — ಕೂತಿರಲಿ ಬಿಡು, ಇನ್ನೊಂದು ಕಾಗದದ ಮೀನಿನ ಕಿವಿರು ಕೊರೆಯಬೇಕು, ಆಮೇಲೆ ಬಲೆ, ಅಷ್ಟೇ, ಮಧ್ಯಾಹ್ನದೊಳಗೆ ಪ್ರದರ್ಶನದ ಹಾಲ್‌ಗೆ ಮುಟ್ಟಿಸಿದರೆ ಅವಳು ಗೆದ್ದಂತೆ, ತನ್ನ ಕೆಲಸ ಒಂದು ಗೋಡೆ ಹತ್ತುವುದು ಜೀವಮಾನದಲ್ಲಿ ಇದೇ ಮೊದಲು, ಒಂದೇ ಹಾಳೆ ಇರಬೇಕು, ಅಂಟು ಕಂಡ್ರೆ ವಾಪಸ್ ಕಳಿಸ್ತೀವಿ, ಆಮೇಲೆ ಬೇಜಾರು ಮಾಡ್ಕೋಬೇಡಿ ಅಂತ ಹಾಲ್‌ನ ಮೇಡಂ ಫೋನಿನಲ್ಲಿ ಹೇಳಿದ್ದೇ ಹೇಳಿದ್ದು — ಅಂಟು ಯಾಕೆ ಬೇಕು, ಈ ಕರಿ ಹಾಳೆಯೊಳಗೆ ಕಡಲು ಪೂರ್ತಿ ಒಂದನ್ನೊಂದು ಹಿಡಿದುಕೊಂಡೇ ಇದೆಯಲ್ಲ, ಪಾಚಿಯ ಎಳೆ ಮೀನಿನ ಬಾಲವನ್ನು, ಬಾಲ ಬಾಟಲಿಯ ಕುತ್ತಿಗೆಯನ್ನು, ಬಾಟಲಿ ಒಂಟಿ ಚಪ್ಪಲಿಯನ್ನು, ಕೈ ಬಿಟ್ಟದ್ದು ಬಿತ್ತು, ಈ ಕೆಲಸದ ಶಾಸ್ತ್ರವೇ ಇಷ್ಟು. ಹೊಲಿಗೆ ಮಷಿನ್ನಿನ ಮುಂದೆ ಆಯಸ್ಸು ಕಳೆದ ಅಮ್ಮನಿಗೆ ಮಾತ್ರ ಇವತ್ತಿಗೂ ತಮಾಷೆ, ನಾನು ಜೀವನಪೂರ್ತಿ ಕೂಡಿಸ್ದೆ, ನೀನು ನೋಡಿದ್ರೆ ಬರೀ ಕತ್ತರಿಸ್ತೀಯಲ್ಲೇ, ಯಾರ ಬುದ್ಧಿ ಬಂತೋ — ಅನ್ನುತ್ತಲೇ ಕಿಟಕಿಯಾಚೆ ಹಗ್ಗದ ಮೇಲೆ ತೊಳೆದ ಪ್ಲಾಸ್ಟಿಕ್ ಕವರ್‌ಗಳನ್ನು ಒಣಹಾಕುತ್ತಿದ್ದಾಳೆ, ಕ್ಲಿಪ್ಪು ಸಮೇತ, ಹಾಸಿಗೆಯಡಿ ಆಗಲೇ ಒಂದು ರಾಶಿ ಇದೆ, ಬಿಸಾಕಮ್ಮ ಅಂದರೆ ಎಲ್ಲಿಗೆ ಬಿಸಾಕ್ಲಿ, ಬಿಸಾಕಿದ್ದೆಲ್ಲ ನಿನ್ನ ಕಡಲಿಗೇ ತಾನೇ ಹೋಗೋದು ಅಂತ ಬಾಯಿ ಮುಚ್ಚಿಸುತ್ತಾಳೆ, ಹಾಳೆಯ ಮೂಲೆಯ ಜೆಲ್ಲಿ ಮೀನುಗಳನ್ನು ಬರೆದದ್ದೂ ಗಾಳಿಗೆ ಉಬ್ಬಿ ಹಿಡಿಕೆ ಇಳಿಬಿಟ್ಟ ಆ ಕವರ್‌ಗಳನ್ನು ನೋಡಿಯೇ, ಯಾವುದು ಮೀನು ಯಾವುದು ಕವರ್ ಅಂತ ಆಮೆಗೂ ಗೊತ್ತಾಗುವುದಿಲ್ಲವಂತೆ, ಪಾಪ, ನುಂಗಿಬಿಡುತ್ತದೆ.

ಆಮೆ ನಟ್ಟನಡುವೆ ಇದೆ, ಸುತ್ತ ಕೂದಲೆಳೆಯಷ್ಟೇ ಸಂದಿ ಕೊರೆದಿದ್ದಾಳೆ, ಮೇಲೆತ್ತಿದ ಮುಂಗಾಲಿಗೆ ಸುತ್ತಿದ ಬಲೆಯೊಂದೇ ಅದನ್ನು ಹಾಳೆಗೆ ಹಿಡಿದಿಟ್ಟಿರುವುದು — ಹೋದ ವರ್ಷ ಕಡಲ ದಂಡೆಯಲ್ಲಿ ಕಂಡದ್ದೂ ಹೀಗೇ, ನೈಲಾನ್ ಬಲೆಯೊಳಗೆ ಮುಂಗಾಲೆತ್ತಿಕೊಂಡು ಬಿದ್ದಿತ್ತು, ಗಂಡ ಉಗುರಿನಲ್ಲಿ ಎಳೆದ, ಬೀಗದ ಕೈಯಲ್ಲಿ ಕುಯ್ದ, ಅವಳು ಹಲ್ಲು ಹಾಕಿದಳು, ಬಾಯೆಲ್ಲ ಉಪ್ಪು, ಮನೆ ತುಂಬ ಬ್ಲೇಡು ಇಟ್ಕೊಂಡು ಬ್ಯಾಗಲ್ಲಿ ಒಂದೂ ಇಲ್ವೇನೇ ಅಂತ ಗಂಡ ಕೂಗುತ್ತಿದ್ದಾನೆ, ಅಷ್ಟರಲ್ಲಿ ದೊಡ್ಡದೊಂದು ಅಲೆ ಬಂದು ಬಲೆ ಸಮೇತ ಎಳೆದುಕೊಂಡು ಹೋಯಿತು, ನೀರಿನ ಮೇಲೆ ಕೊನೆಗೆ ಕಂಡದ್ದು ಆ ಮುಂಗಾಲು — ಸಾಕು, ಬಲೆ ಕಡೆ ನೋಡು, ಹಾಳೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ತೆಗೆಯಬೇಕಾದ ಕಡೆಗೆಲ್ಲ ಇಂಟು ಗುರುತು ಹಾಕಿಕೊಂಡಿದ್ದಾಳೆ, ಇಲ್ಲೊಂದು ಇಂಟು, ತೆಗೆ, ಇಲ್ಲೊಂದು, ತೆಗೆ, ಅಮ್ಮ ಹೊರಗಿನಿಂದ ಏನೋ ಕೂಗುತ್ತಿದ್ದಾಳೆ, ಕ್ಲಿಪ್ಪು ಸಾಲ್ತಿಲ್ಲ ಕಣೇ, ಬಂದೆ ಇರಮ್ಮ, ಇಲ್ಲೊಂದು, ತೆಗೆ — ಅಯ್ಯೋ. ಅದು ಇಂಟು ಅಲ್ಲ. ಬಲೆಯ ಒಂದು ಎಳೆ ಇನ್ನೊಂದನ್ನು ಹಾಯುವ ಗಂಟು ಅದು, ಆಮೆಯನ್ನು ಹಿಡಿದಿದ್ದ ಕೊನೆಯ ಗಂಟು, ಆಮೆ ಸದ್ದಿಲ್ಲದೆ ಮೇಜಿನ ಮೇಲೆ ಬಿತ್ತು.

ಇಷ್ಟು ತಿಂಗಳು ಕತ್ತು ನೋಯಿಸಿಕೊಂಡದ್ದು ಇದಕ್ಕಾ, ಗೋಂದಿನ ಬಾಟಲಿ ಕೈಗೆಟಕುವಲ್ಲೇ ನಿಂತು ಹಲ್ಲು ಕಿರಿಯುತ್ತಿದೆ, ಒಂದೇ ತೊಟ್ಟು, ಯಾರಿಗೆ ಕಾಣುತ್ತೆ — ಕಾಣುತ್ತೆ, ತನಗೆ ಕಾಣುತ್ತೆ. ಏನೇ ಆಯ್ತು, ಮುಖ ಯಾಕೆ ಹೀಗಾಗಿದೆ ಅಂತ ಒದ್ದೆ ಕೈಯಲ್ಲೇ ಅಮ್ಮ ಬಂದಳು, ಹಾಳೆಯನ್ನು ಬೆಳಕಿಗೆ ಹಿಡಿದಳು, ಆಮೆ ಇದ್ದ ಜಾಗದಲ್ಲಿ ಆಮೆಯ ಆಕಾರದ ಕಿಂಡಿ, ಮುಂಗಾಲೆತ್ತಿದ ಕಿಂಡಿ, ಅಂಚಿನಲ್ಲಿ ಕಡಿದ ಬಲೆಯ ತುದಿಗಳು, ಬಿಡಿಸ್ಕೊಂಡು ಹೋಯ್ತಲ್ಲೇ ಇದು, ಮತ್ತೆ ಹಿಡಿದು ಕಟ್ಟಿ ಹಾಕ್ತೀಯಾ? ಫ್ರೇಮು ಹೊರಲೆಂದು ಡ್ಯೂಟಿಗೆ ರಜೆ ಹಾಕಿದ ಬಸ್ ಡ್ರೈವರ್ ಗಂಡ ಹಿಂದೆ ಬಂದು ನಿಂತವನು ಕಿಂಡಿಯತ್ತ ಬಗ್ಗಿ ನೋಡಿ, ಅಂತೂ ಈ ಸಲ ಬ್ಲೇಡು ಸಿಕ್ತು ಬಿಡು ಅಂದ, ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದು ಮೂಗು ಸೋರಿತು. ಫೋನಿನಲ್ಲಿ ಮೇಡಂ, ಅಂಟು ಹಾಕಿದ್ರಾ? ಇಲ್ಲ ಮೇಡಂ. ಒಂದೇ ಹಾಳೆ ತಾನೇ? ಹೂಂ, ಆಮೆ ಮಾತ್ರ ಇಲ್ಲ. ಇಲ್ಲದ್ದಕ್ಕೆ ನಾವೇನು ಮಾಡೋಣ, ಇರೋದನ್ನ ತನ್ನಿ — ಅಷ್ಟೇನಾ, ಇಷ್ಟಕ್ಕಾ ಪ್ರಾಣ ಬಾಯಿಗೆ ಬಂದಿದ್ದು, ಅಯ್ಯಯ್ಯೋ ಅಮ್ಮಾ, ಏನು ಮಾಡ್ತಿದ್ದೀ, ಆಮೇನ ಪ್ಲಾಸ್ಟಿಕ್ ಕವರ್‌ಗೆ ಹಾಕ್ಬೇಡ! ಮುದುರಿ ಹೋಗುತ್ತೆ ಅಂತ ಹಾಕ್ದೆ ಕಣೇ, ಒಣಗಿದ ಕವರ್ರೇ. ತೆಗಿ ತೆಗಿ, ಅಂಗೈಯಲ್ಲಿ ಹಿಡ್ಕೋ.

ರಸ್ತೆ, ಬೆನ್ನಿಗೆ ಬಿಸಿಲು, ಗಂಡ ಹಿಂಬದಿ ಹಲಗೆಯಿಲ್ಲದ ಫ್ರೇಮನ್ನು ತಲೆಗಿಂತ ಎತ್ತರ ಹಿಡಿದು ನಡೆಯುತ್ತಾನೆ, ಗಾಳಿ ಬಂತು, ಹುಷಾರು ರೀ, ಗೊತ್ತು ಕಣೇ, ಬಸ್ಸನ್ನೇ ತಿರುಗಿಸೋನು ನಾನು, ಇದ್ಯಾವ ಲೆಕ್ಕ, ಅಮ್ಮ ಮುಚ್ಚಿದ ಅಂಗೈಯೊಳಗೆ ಕರಿ ಆಮೆ ಇಟ್ಟುಕೊಂಡು ಹಿಂದೆ ಹಿಂದೆ, ಹಾಲ್‌ನಲ್ಲಿ ಏನು ಹೇಳಬೇಕು, ಯಾರಾದರೂ ಆಮೆ ಎಲ್ಲಿ ಅಂತ ಕೇಳಿದರೆ, ಕೇಳಿದರೆ — ಅಲ್ಲಿ, ಅವರ ಮುಂದೆ, ಟಾರಿನ ಮೇಲೆ ಹಾಳೆಯ ನೆರಳು, ಮೀನು, ಬಾಟಲಿ, ಚಪ್ಪಲಿಯೆಲ್ಲ ಕಲಸಿಕೊಂಡು ಒಂದೇ ಕಪ್ಪು, ಅದರ ನಡುವೆ ಬಿಸಿಲಿನ ಆಮೆ, ಗಂಡನ ಹೆಜ್ಜೆಗೆ ಅಲ್ಲಾಡುತ್ತ, ಈಜುತ್ತ, ಎಷ್ಟು ಬೇಗ ನಡೆದರೂ ಅವರಿಗಿಂತ ಮುಂದೆ, ಮೇಲೆತ್ತಿದ ಮುಂಗಾಲು, ಅದಕ್ಕೆ ಸುತ್ತಿದ ಬಲೆ ಇಲ್ಲ, ಮೇಲೆತ್ತಿದ ಮುಂಗಾಲು —