ತೊಳೆದ ಡ್ರಮ್ಮು

ಕೊಣನೂರಿನ ಹುಡುಗಿ ಸ್ಮಿತಾ ಮಂಗಳೂರಿನಲ್ಲಿ ಮೀನಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ನದಿ ಸಮುದ್ರ ಸೇರುವ ಅಳಿವೆಯ ಕೊಳಕು ಮೀನಿನ ಮೈಯೊಳಗೆ ಏನು ಮಾಡುತ್ತದೆ ಎಂಬುದು ಅವಳ ವಿಷಯ. ಬೇಡದ ನೆಂಟರು ಬಂದಷ್ಟೂ ಮನೆಯವರು ಎಲೆ ಹಾಕಲೇಬೇಕಲ್ಲ, ಹಾಗೆ ತಾಮ್ರ, ಸತು ಒಳಹೊಕ್ಕಷ್ಟೂ ಮೀನಿನ ಯಕೃತ್ತಿನ ಜೀವಕೋಶಗಳು ಒಂದು ಪುಟ್ಟ ಪ್ರೋಟೀನನ್ನು ಹೆಚ್ಚೆಚ್ಚು ತಯಾರಿಸುತ್ತವೆ. ಅದು ಲೋಹವನ್ನು ಹಿಡಿದು ಕೂರಿಸುತ್ತದೆ. ಮೀನು ಹೊರಗೆ ಮಿಂಚುತ್ತಲೇ ಇರುತ್ತದೆ; ಬೆಳೆಯಲು, ಮೊಟ್ಟೆ ಕಟ್ಟಲು ಬೇಕಾದ ಶಕ್ತಿ ಈ ಉಪಚಾರಕ್ಕೇ ಸೋರಿಹೋಗುತ್ತದೆ.

ಇದನ್ನು ತಿಳಿಸಲು ಅಳಿವೆಯ ಮೀನುಗಾರರ ಸಭೆಗೆ ಹೋದವಳು ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಾಲಿಗೆಗೆ ಎಲುಬಿಲ್ಲ ನೋಡಿ.

“ನಮ್ಮೂರಲ್ಲಿ ಕಾವೇರಿ ನೀರನ್ನ ಬೊಗಸೆಯಲ್ಲೇ ಕುಡೀತೀವಿ. ನೀವು ದೋಣಿಯ ಬಣ್ಣ, ಎಣ್ಣೆ ಎಲ್ಲ ತೊಳೆದುಬಿಟ್ಟು ಅನ್ನ ಕೊಡೋ ನೀರಿಗೇ ವಿಷ ಹಾಕ್ತೀರಿ. ನಾಚಿಕೆ ಆಗಲ್ವಾ?” ಎಂದುಬಿಟ್ಟಳು.

ಮುಂದೆ ಕುಳಿತಿದ್ದ ಮೀನು ಮಾರುವ ಹೆಂಗಸೊಬ್ಬಳು ತಲೆ ತಗ್ಗಿಸಿದಳು. ನಾಲ್ಕು ಜನಕ್ಕೆ ಬುದ್ಧಿ ಹೇಳಿದೆನೆಂದು ಸ್ಮಿತಾ ಬೀಗಿಕೊಂಡೇ ಮನೆಗೆ ಹೋದಳು.

ಹೋಲಿಸಿ ನೋಡಲು ಚೊಕ್ಕ ನೀರಿನ ಮೀನು ಬೇಕಿತ್ತು. ಊರಿನಲ್ಲಿ ಚಿಕ್ಕಪ್ಪ ಲಕ್ಕಣ್ಣ ಹೊಳೆಗೆ ಬಲೆ ಬಿಟ್ಟು ಜಿಲೇಬಿ ಮೀನು ಹಿಡಿದುಕೊಟ್ಟ. ಅಳಿವೆಯಲ್ಲೂ ಸಿಗುವ ಜಾತಿಯೇ. ಪರೀಕ್ಷೆ ಮಾಡಿದರೆ ಊರಿನ ಮೀನಿನಲ್ಲಿ ಆ ಪ್ರೋಟೀನು ಅಳಿವೆಯ ಮೀನಿಗಿಂತ ಒಂದು ಕೈ ಹೆಚ್ಚೇ ಇತ್ತು. ಮತ್ತೆ ಮಾಡಿದಳು. ಅದೇ ಉತ್ತರ. ಅವಳ ಕಿವಿ ಬಿಸಿಯಾಯಿತು. ಮುಂದಿನ ವಾರ ಅದೇ ಸಭೆಯಲ್ಲಿ ಫಲಿತಾಂಶ ಹೇಳಬೇಕು, ಅದೇ ಹೆಂಗಸು ಮುಂದೆ ಕೂತಿರುತ್ತಾಳೆ.

ಆಗ ಅವಳಿಗೊಂದು ದುರಾಸೆ ಹುಟ್ಟಿತು. ಚಿಕ್ಕಪ್ಪ ಶುಂಠಿ ಬೆಳೆಯುತ್ತಾನೆ; ಕೊಳೆರೋಗಕ್ಕೆಂದು ಅದರ ಬುಡಕ್ಕೆ ಹುಯ್ಯುವುದು ತಾಮ್ರದ ಔಷಧಿ. ಅದನ್ನು ಕಲಸುವ ಡ್ರಮ್ಮಿನಲ್ಲೇ ಚಿಕ್ಕಪ್ಪ ಮೀನು ಇಟ್ಟಿದ್ದರೆ? ತಪ್ಪು ಡ್ರಮ್ಮಿನದಾಗುತ್ತದೆ, ಹೊಳೆಯದಲ್ಲ. ಸಾಕಿ ಎತ್ತಾಡಿಸಿದ ಚಿಕ್ಕಪ್ಪ ಪೆದ್ದನಾಗಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಾ ಊರಿನ ಬಸ್ಸು ಹತ್ತಿದಳು.

ಲಕ್ಕಣ್ಣ ಹೊಳೆಯ ಕಡೆಯಿಂದ ನೀಲಿ ಡ್ರಮ್ಮು ಹೊತ್ತು ಬರುತ್ತಿದ್ದ.

“ಚಿಕ್ಕಪ್ಪಾ, ನನ್ ಮೀನ ಇದ್ರಲ್ಲಿ ಇಕ್ಕಿದ್ದಾ?”

“ಇದ್ರಲ್ಲಾ? ನಂಗೇನ್ ತಲೆ ಕೆಟ್ಟದಾ? ಔಸ್ದಿ ಡ್ರಮ್ಮು ಕಣವ್ವ ಇದು. ನಿನ್ ಮೀನ್ಗೆ ಅಂತ ಒಸಾ ಬಿಂದ್ಗೆ ತಂದಿದ್ದೆ.”

ಸ್ಮಿತಾಳ ಆಸೆಗೆ ತಣ್ಣೀರು ಬಿತ್ತು. “ಮತ್ತೆ ಇದ್ನ ಎಲ್ಲಿಗ್ ತಗಂಡೋಗಿದ್ದೆ?”

“ತೊಳ್ಕಂಡ್ ಬಂದೆ. ರಂಗಸ್ವಾಮಿ ಮನೇದು. ಎರವಲು ತಂದಿದ್ನ ತೊಳೀದೆ ಕೊಟ್ರೆ ಜನ ಏನಂದಾರು? ಶುಂಠಿ ಆಕಿರೋರೆಲ್ಲಾ ಇದ್ನೇ ಇಸ್ಕಂಡು, ಒಳೆ ಮೆಟ್ಲತ್ರ ಚೆಂದಾಗ್ ತೊಳ್ದು ಕೊಡೋದು. ಅಲ್ಲಿ ನೀರು ನಿಂತಿರ್ತದೆ, ಮೀನೂ ಜಾಸ್ತಿ. ನಿಂಗೂ ಅಲ್ಲೇ ಬಲೆ ಬಿಟ್ಟಿದ್ದು.”

ಅವಳು ಹೇಳಲೇಬೇಕಾಯಿತು. ತಾಮ್ರದ್ದು, ಮೀನಿನದ್ದು, ಒಳಗೊಳಗೇ ಸೋರುವ ಶಕ್ತಿಯದ್ದು. ಕೇಳುತ್ತಾ ಲಕ್ಕಣ್ಣ ಡ್ರಮ್ಮು ಕೆಳಗಿಟ್ಟ. ಆಮೇಲೆ ತಲೆ ತಗ್ಗಿಸಿದ, ಥೇಟ್ ಆ ಹೆಂಗಸಿನ ಹಾಗೆ. ಸ್ಮಿತಾಳಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

“ಗೊತ್ತಿರ್ನಿಲ್ಲ ಕಣವ್ವ,” ಎಂದ.

“ನಿನ್ ತಪ್ಪಲ್ಲ ಚಿಕ್ಕಪ್ಪಾ. ಯಾರೂ ಏಳಿರ್ನಿಲ್ವಲ್ಲ. ನಾಳೆಯಿಂದ ಒಳೆಗೆ ತಗಂಡೋಗೋದ್ ಬ್ಯಾಡ, ಬೇರೆ ದಾರಿ ನೋಡಾನ.”

ಲಕ್ಕಣ್ಣ ತಲೆ ಎತ್ತಿ, “ಆ ಸಮುದ್ರದ್ ಕಡೆಯೋರ್ಗೂ ಇಂಗೇ ಸಮಾಧಾನ್ವಾಗಿ ಏಳಿದ್ಯಾ?” ಎಂದು ಕೇಳಿದ.

ಸುಳ್ಳು ಹೇಳಬಹುದಿತ್ತು. ಆಗಲಿಲ್ಲ.

“ಇಲ್ಲ ಚಿಕ್ಕಪ್ಪಾ. ನಾಚ್ಕೆ ಆಗಲ್ವಾ ಅಂದ್ಬುಟ್ಟೆ.”

“ಅಂಗಾರೆ,” ಎಂದ ಲಕ್ಕಣ್ಣ, “ಓಗಿ ಅವ್ರ್ಗೆ ಮೊದ್ಲು ನಮ್ ಮೆಟ್ಲು ಇಸ್ಯ ಏಳವ್ವ.”