ಹೊರಗೆ ಬಿದ್ದ ಚೂರು

ನನಗೆ ಮೂಗಿನ ತುದಿಯಲ್ಲೇ ಕೋಪ ಎನ್ನುವವರು ಎನ್ನಲಿ. ಇಪ್ಪತ್ತಾರು ವರ್ಷದಿಂದ ಗಾಡಿಗಳಿಗೆ ಗಾಜು ಕೂರಿಸುತ್ತಿದ್ದೇನೆ. ದಿನವಿಡೀ ಒಡೆದದ್ದನ್ನೇ ನೋಡುವವನಿಗೆ ಶಾಂತ ಸ್ವಭಾವ ಎಲ್ಲಿಂದ ಬರಬೇಕು? ಆದರೆ ಆ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಅಂಗಳದಲ್ಲಿ, ಆನೆಮರಿಯಷ್ಟಿದ್ದ ಕಪ್ಪು ಗಾಡಿಯ ಹಿಂದೆ ಸಲಕರಣೆ ಚೀಲ ಇಳಿಸಿದಾಗ ನನಗೆ ಮೈಯೆಲ್ಲ ಉರಿಯುತ್ತಿದ್ದದ್ದು ಗಾಡಿಯ ಮೇಲಲ್ಲ, ಅದರ ಮಾಲೀಕರ ಮೇಲೂ ಅಲ್ಲ. ನನ್ನ ಸ್ವಂತ ಅಕ್ಕನ ಮೇಲೆ.

ಅಕ್ಕ ಅಲ್ಲಿ ತೋಟದ ಕೆಲಸದವಳು, ಹನ್ನೊಂದು ವರ್ಷದಿಂದ. ನಾಲ್ಕು ದಿನದ ಹಿಂದೆ ಗಾಡಿ ನಿಲ್ಲಿಸುವ ಜಾಗದ ಪಕ್ಕದಲ್ಲಿ ಹೆಗಲಿಗೆ ಮೆಷಿನ್ ನೇತುಹಾಕಿಕೊಂಡು ಹುಲ್ಲು ಕತ್ತರಿಸುತ್ತಿದ್ದಳಂತೆ. ಢಬ್ ಎಂದು ಸದ್ದಾಗಿದೆ. ತಿರುಗಿ ನೋಡಿದರೆ ಎರಡನೇ ಮಹಡಿಯವರ ಈ ಗಾಡಿಯ ಹಿಂಬದಿ ಗಾಜು ಪುಡಿಪುಡಿ. ಮಾಲೀಕರು ಅಲ್ಲೇ ಇದ್ದರು. ಮೆಷಿನ್‌ನಿಂದ ಕಲ್ಲು ಹಾರಿತು ಎಂದು ಅಂಗಳ ಅದುರುವ ಹಾಗೆ ಕೂಗಾಡಿದರು. ಮ್ಯಾನೇಜರ್ ಓಡಿಬಂದು ಮೆಷಿನ್ ಕಿತ್ತುಕೊಂಡು ಉಗ್ರಾಣಕ್ಕೆ ಹಾಕಿ ಬೀಗ ಜಡಿದ. ಅಕ್ಕನನ್ನು ಮನೆಗೆ ಕಳಿಸಿದ.

ಹುಲ್ಲು ಕತ್ತರಿಸುವ ಮೆಷಿನ್‌ನಿಂದ ಕಲ್ಲು ಸಿಡಿದು ಗಾಜು ಒಡೆಯುವುದು ಹೊಸ ಸಂಗತಿಯೇನಲ್ಲ. ನನ್ನ ಅಂಗಡಿಗೆ ವರ್ಷಕ್ಕೆ ಐದಾರು ಗಾಡಿಯಾದರೂ ಹಾಗೆ ಬರುತ್ತವೆ. ಅದಕ್ಕೆಂದೇ ನಾನು ಹಳೇ ಲಾರಿಯ ಚಕ್ರದ ಹಿಂದೆ ತೂಗುಬಿಡುವ ದಪ್ಪ ರಬ್ಬರನ್ನು ಕತ್ತರಿಸಿ, ಎರಡು ನಟ್ಟು ಬಿಗಿದು, ಅವಳ ಮೆಷಿನ್‌ಗೆ ಅಡ್ಡಪಟ್ಟಿ ಮಾಡಿಕೊಟ್ಟಿದ್ದೆ. ಕಲ್ಲು ಹಾರಿದರೂ ಅದಕ್ಕೇ ಬಡಿದು ಕಾಲಬುಡದಲ್ಲಿ ಬೀಳಬೇಕು. ಪಟ್ಟಿ ಹಾಕಿದರೆ ಮೆಷಿನ್ ಸ್ವಲ್ಪ ಭಾರ ಎಂದು ಅವಳು ಒಮ್ಮೆ ಗೊಣಗಿದ್ದು ನನಗೆ ನೆನಪಿತ್ತು. ಹಾಳಾದ ನೆನಪು ಅಷ್ಟನ್ನು ಮಾತ್ರ ಇಟ್ಟುಕೊಂಡಿತ್ತು.

ಅವತ್ತು ಸಂಜೆ ಅವಳು ನನ್ನ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ನಾನು ಶುರುಮಾಡಿದೆ.

"ಪಟ್ಟಿ ಬಿಚ್ಚಿಟ್ಟಿದ್ದೆ ತಾನೇ?"

"ಇಲ್ಲ ಕಣೋ. ಹಾಕೇ ಇತ್ತು."

"ಹಾಕಿದ್ರೆ ಕಲ್ಲು ಹೇಗೆ ಹಾರುತ್ತೆ? ಅದಕ್ಕೇನು ರೆಕ್ಕೆ ಇತ್ತಾ?"

"ನಂಬಿಕೆ ಇಲ್ದಿದ್ರೆ ಹೋಗಿ ಮೆಷಿನ್ ನೋಡ್ಕೊಂಡು ಬಾ. ಕಲ್ಲು ಸಿಕ್ಕಿದ್ರೆ ಕೈಗೆ ಗೊತ್ತಾಗುತ್ತೆ ನಂಗೆ. ಸಿಗಲಿಲ್ಲ. ಇನ್ನೊಂದು ಹೇಳ್ತೀನಿ ಕೇಳು, ಚೂರೆಲ್ಲ ಹೊರಗೇ ಬಿದ್ದಿತ್ತು. ಒಂದು ಮೊರ ನಾನೇ ಗುಡಿಸಿ ಹಾಕಿದೆ…"

"ಗುಡಿಸೋದೊಂದು ಕಡಿಮೆಯಾಗಿತ್ತು! ಮಾಡೋದೆಲ್ಲ ಮಾಡಿ ಈಗ ಕಥೆ ಹೇಳ್ತಾಳೆ."

ಮಾತು ಬಾಯಿಂದ ಜಾರಿತು. ನನ್ನ ಹೆಂಡತಿ ಒಲೆಯ ಮುಂದಿನಿಂದ ಕಣ್ಣಲ್ಲೇ ಗದರಿದಳು. ಅಕ್ಕ ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡು ಹೊರಟುಹೋದಳು. ಪಕ್ಕದ ಬೀದಿಯಲ್ಲೇ ಅವಳ ಮನೆ. ನಾಲ್ಕು ದಿನ ನಮ್ಮ ಕಡೆ ತಲೆ ಹಾಕಲಿಲ್ಲ. ನಾನೂ ಹೋಗಲಿಲ್ಲ, ಬರಲಿ ಬೇಕಾದರೆ ಎಂದು ಜಂಬದಲ್ಲಿ ಕೂತೆ.

ಮಾರನೇ ದಿನ ಮ್ಯಾನೇಜರ್ ಫೋನ್ ಮಾಡಿದ. "ಗಾಜು ಒಡೆದಿದ್ದು ನಿಮ್ಮಕ್ಕ, ಕೂರಿಸೋನು ನೀನು. ಕೂಲಿ ತಗೊಳ್ದೆ ಮಾಡ್ಕೊಟ್ರೆ ವಿಷಯ ದೊಡ್ಡದು ಮಾಡಲ್ಲ ಅಂತಾರೆ ಸಾಹೇಬ್ರು," ಎಂದ. ಮರ್ಯಾದೆ ಉಳಿದರೆ ಸಾಕು ಎಂದು ನಾನು ಹೂಂ ಅಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ.

ಆ ಗಾಜು ಬರಲು ಮೂರು ದಿನ ಹಿಡಿಯಿತು. ನಾಲ್ಕನೇ ದಿನ ಅದನ್ನು ಹೊತ್ತುಕೊಂಡು ಬಂದಾಗ ಗೇಟಿನ ಕಾವಲುಗಾರ ಹತ್ತಿರ ಬಂದು ದನಿ ತಗ್ಗಿಸಿದ. "ಹನ್ನೊಂದೂವರೆಗೆ ಅಕ್ಕನ್ನ ಆಫೀಸಿಗೆ ಕರೆಸಿದ್ದಾರೆ. ನನ್ನ ಬೇಜವಾಬ್ದಾರಿಯಿಂದ ಒಡೀತು, ಕೆಲಸ ಬಿಡ್ತೀನಿ ಅಂತ ಬರೆಸ್ಕೊಳ್ತಾರಂತೆ."

"ಕೂಲಿ ಬಿಟ್ರೆ ಮುಗೀತು ಅಂದಿದ್ನಲ್ಲ ಆ ಮ್ಯಾನೇಜರ್?"

"ತಮ್ಮನೇ ಪುಕ್ಕಟೆ ಮಾಡಿಕೊಡ್ತೀನಿ ಅಂದಮೇಲೆ ತಪ್ಪು ಒಪ್ಕೊಂಡ ಹಾಗೇ ಅಲ್ವಾ ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡ್ತಿದ್ದಾನೆ. ಆ ಕಾಗದಕ್ಕೆ ಸಹಿ ಬಿದ್ರೆ ಅಕ್ಕನ್ನ ಇನ್ಯಾವ ಅಪಾರ್ಟ್‌ಮೆಂಟಲ್ಲೂ ಗೇಟ್ ಒಳಗೆ ಬಿಟ್ಕೊಳ್ಳಲ್ಲ."

ಗಡಿಯಾರ ನೋಡಿದೆ, ಹತ್ತೂಕಾಲು. ನನ್ನ ಕೋಪಕ್ಕೆ ಈಗ ಇಬ್ಬರು ಸಿಕ್ಕಿದರು, ಮ್ಯಾನೇಜರ್ ಮತ್ತು ಅಕ್ಕ. ಪಟ್ಟಿ ಬಿಚ್ಚದಿದ್ದರೆ ಇದೆಲ್ಲ ಆಗುತ್ತಿತ್ತೇ ಎಂದು ಇನ್ನೂ ಹಲ್ಲು ಕಡಿಯುತ್ತಲೇ ಇದ್ದೆ. ಗಾಡಿಗೆ ಮುಚ್ಚಿದ್ದ ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಬಿಸಾಕಿದೆ.

ಈ ಗಾಜಿಗೆ ಒಳಗಡೆಯಿಂದ ಕಪ್ಪು ಫಿಲಂ ಅಂಟಿಸಿತ್ತು. ಹಾಗಾಗಿ ಮಧ್ಯದಲ್ಲಿ ಒಂದಷ್ಟು ಉದುರಿದ್ದು ಬಿಟ್ಟರೆ ಉಳಿದದ್ದು ಪುಡಿಯಾಗಿದ್ದರೂ ಜೋತುಕೊಂಡೇ ಇತ್ತು. ಅವಸರದವರು ಸುತ್ತಿಗೆಯಿಂದ ಕುಟ್ಟಿ ಕೆಡವಿಬಿಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಹೊರಗಡೆ ಅಗಲವಾದ ಟೇಪ್ ಅಂಟಿಸಿ, ಸುತ್ತಲಿನ ಅಂಟನ್ನು ಕೊಯ್ದು, ಇಡೀ ಗಾಜನ್ನು ಚಾಪೆ ಎತ್ತಿದ ಹಾಗೆ ಎತ್ತುತ್ತೇನೆ. ಇಲ್ಲದಿದ್ದರೆ ಚೂರು ಬಾಗಿಲಿನ ಹೊಟ್ಟೆಯೊಳಗೆ ಸೇರಿ ಆಮೇಲೆ ಗಲಗಲ ಎನ್ನುತ್ತದೆ, ಗಿರಾಕಿ ವಾಪಸ್ ಬಂದು ನನ್ನ ತಲೆ ತಿನ್ನುತ್ತಾನೆ.

ಟೇಪ್ ಅಂಟಿಸಿ, ಒಳಗಿನ ಅಂಟು ಕೊಯ್ಯಲು ಡಿಕ್ಕಿಯೊಳಗೆ ಅಂಗಾತ ಮಲಗಿದೆ. ಮೇಲೆ ನೋಡಿದೆ. ಕೈ ಅಲ್ಲೇ ನಿಂತಿತು.

ಹೊರಗಿನಿಂದ ಕಲ್ಲು ಬಡಿದರೆ ಫಿಲಂ ಒಳಕ್ಕೆ ಉಬ್ಬಬೇಕು. ಇದು ಹೊರಕ್ಕೆ ಉಬ್ಬಿತ್ತು. ನಡುವೆ ಬೆರಳು ತೂರುವಷ್ಟು ತೂತು, ಅದರ ಹರಿದ ಅಂಚುಗಳೆಲ್ಲ ಹೊರಕ್ಕೆ ಮಡಚಿಕೊಂಡಿದ್ದವು. ಮಲಗಿದ್ದಲ್ಲಿ ಬೆನ್ನ ಕೆಳಗೆ ಕೈಯಾಡಿಸಿದೆ. ಕಲ್ಲು ತೂರಿ ಬಂದಿದ್ದರೆ ಅದೂ ತೂತಿನ ಚೂರೂ ಅಲ್ಲಿ ಬಿದ್ದಿರಬೇಕಿತ್ತು. ರತ್ನಗಂಬಳಿಯಂಥ ಆ ಹಾಸಿನ ಮೇಲೆ ಕಲ್ಲೂ ಇರಲಿಲ್ಲ, ಒಂದು ಹಿಡಿ ಚೂರೂ ಇರಲಿಲ್ಲ. ಯಾರೋ ಒಳಗಿನಿಂದ ಚುಚ್ಚಿದ್ದರು ಈ ಗಾಜನ್ನು.

ಚೂರೆಲ್ಲ ಹೊರಗೇ ಬಿದ್ದಿತ್ತು. ಅಕ್ಕ ಹೇಳಿದ್ದಳು. ಅಂಗಡಿಗೆ ಬಂದ ಗಿರಾಕಿ ಆ ಒಂದು ಮಾತು ಹೇಳಿದ್ದರೆ ನಾನು ಗಾಡಿ ನೋಡದೆಯೇ 'ಒಳಗೇನಿಟ್ಟಿದ್ರಿ ಸ್ವಾಮಿ' ಎಂದು ಕೇಳುತ್ತಿದ್ದೆ. ಇಪ್ಪತ್ತಾರು ವರ್ಷದ ಕಸುಬು! ಹೇಳಿದ್ದು ನನ್ನ ಅಕ್ಕ ಎಂಬ ಕಾರಣಕ್ಕೆ ಆ ಮಾತು ಕಿವಿಗೇ ಹೋಗಲಿಲ್ಲ. ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿತು.

ಗಾಜನ್ನು ಹರಿಯದ ಹಾಗೆ ಬಿಡಿಸಿ ರಟ್ಟಿನ ಮೇಲೆ ಮಲಗಿಸಿದೆ. ಆಮೇಲೆ ಡಿಕ್ಕಿಯ ಅಂಚಿನ ಸಂದಿಗೆ ಬೆರಳು ಹಾಕಿ ಹುಡುಕಿದೆ. ಚೂರು ಹೀರುವ ವ್ಯಾಕ್ಯೂಮ್ ಮೆಷಿನ್ ಹಿಡಿಯುವ ಮುಂಚೆ ಕೈಯಲ್ಲಿ ತಡಕುವುದು ನನ್ನ ಪದ್ಧತಿ. ಬೆರಳಿಗೆ ಸಿಕ್ಕಿದ್ದು ಗಾಜಲ್ಲ. ಚಿನ್ನದ ಬಣ್ಣದ ಪ್ಲಾಸ್ಟಿಕ್ ಮೊಗ್ಗು, ತುದಿ ಚೂಪು, ಬುಡ ಮುರಿದಿತ್ತು. ತುದಿಯನ್ನು ಫಿಲಂನ ತೂತಿಗೆ ಹಿಡಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

"ಇನ್ನೂ ಎಷ್ಟೊತ್ತಪ್ಪಾ? ಒಂದು ಗಂಟೆಗೆ ನಾನು ಹೊರಡಬೇಕು."

ಮಾಲೀಕರು ಇಳಿದು ಬಂದಿದ್ದರು, ಬೆರಳಲ್ಲಿ ಕೀಲಿ ತಿರುಗಿಸುತ್ತಾ. ಅಲ್ಲಿನ ಕೆಲಸದವರೆಲ್ಲ ಅವರನ್ನು ಕರೆಯುವುದು ರಿಮೋಟ್ ಸಾಹೇಬ ಎಂದು. ಡಿಕ್ಕಿ ಮುಚ್ಚುವುದಕ್ಕೂ ನಡೆಯುತ್ತಲೇ ಗುಂಡಿ ಒತ್ತುತ್ತಾರೆ, ತಿರುಗಿ ಕೂಡ ನೋಡುವುದಿಲ್ಲ.

"ಅವತ್ತು ಡಿಕ್ಕಿಯಲ್ಲಿ ಏನಿತ್ತು ಸಾಹೇಬ್ರೇ?" ಎಂದೆ.

"ಏನೂ ಇರಲಿಲ್ಲ. ಯಾಕೆ?"

"ಉದ್ದದ್ದು ಏನೂ ಇರಲಿಲ್ವಾ?"

"ಇರಲಿಲ್ಲ ಅಂದ್ನಲ್ಲ. ನೀನು ಗಾಜು ಹಾಕೋಕೆ ಬಂದಿದ್ಯೋ, ವಿಚಾರಣೆ ಮಾಡೋಕೋ?"

ಅಷ್ಟರಲ್ಲಿ ಅವರ ಹೆಂಡತಿ ಕೈಚೀಲ ಹಿಡಿದು ಹಿಂದೆಯೇ ಬಂದರು. ನನ್ನ ಅಂಗೈ ನೋಡಿದ್ದೇ ಮುಖ ಅರಳಿತು. "ಅಯ್ಯೋ, ಸಿಕ್ತಾ ಇದು! ನಾಲ್ಕು ದಿನದಿಂದ ಹುಡುಕ್ತಿದ್ದೀನಿ. ಹೊಸ ಪರದೆ ಕಂಬಿದು. ಒಂದು ಕಡೆ ಮೊಗ್ಗಿಲ್ದೆ ಬೋಳು ಬೋಳಾಗಿ ಕಾಣ್ತಿದೆ. ರೀ, ಅಂಗಡಿಯವನೇ ಕೊಟ್ಟಿಲ್ಲ ಅಂದ್ರಲ್ಲ ನೀವು?"

ರಿಮೋಟ್ ಸಾಹೇಬರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಬೆರಳಲ್ಲಿ ತಿರುಗುತ್ತಿದ್ದ ಕೀಲಿ ನಿಂತಿತು.

"ಕಂಬಿ ಹೊರಗೆ ಚಾಚ್ಕೊಂಡಿತ್ತು. ನೀವು ಗುಂಡಿ ಒತ್ತಿ ಮುಂದೆ ಹೋದ್ರಿ. ಡಿಕ್ಕಿ ಬಾಗಿಲು ತಾನೇ ಇಳಿದು ಬಂತು, ಅದರ ಗಾಜು ಕಂಬಿ ತುದಿ ಮೇಲೆ ಕೂತ್ಕೊಳ್ತು," ಎಂದೆ. "ಮೊಗ್ಗು ಮುರಿದ ಕಂಬೀನ ಮನೆಗೆ ಹೊತ್ಕೊಂಡು ಹೋದಾಗಲೂ ಗೊತ್ತಾಗಲಿಲ್ವಾ?"

ಅವರು ಒಮ್ಮೆ ಹೆಂಡತಿಯನ್ನು, ಒಮ್ಮೆ ನನ್ನನ್ನು ನೋಡಿದರು. "ಆಮೇಲೆ… ಇರಬಹುದೇನೋ ಅಂತ ಅನ್ನಿಸ್ತು. ಅಷ್ಟೊತ್ತಿಗೆ ಎಲ್ಲರೂ ಅವಳೇ ಅಂತ ತೀರ್ಮಾನ ಮಾಡಿಬಿಟ್ಟಿದ್ರು. ನಾನೇ ಕೂಗಾಡಿದ್ದೆ ಬೇರೆ. ಮತ್ತೆ ಹೋಗಿ ಅಲ್ಲ ಅನ್ನೋದು ಹೇಗೆ?"

ಪಿತ್ತ ನೆತ್ತಿಗೇರಿತು. ಕೈಯಲ್ಲಿ ಅಂಟು ಕೊಯ್ಯುವ ಚಾಕು ಇತ್ತು. ಅದನ್ನು ಮೊದಲು ಚೀಲದೊಳಗಿಟ್ಟೆ, ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ. "ಬಾಯಲ್ಲಿ ಹೇಳೋದು! ಅದಕ್ಕೊಂದು ರಿಮೋಟ್ ಬೇಕಾ? ನಡೀರಿ ಆಫೀಸಿಗೆ. ಈಗಲೇ."

"ಗಾಜು ಹಾಕು ಮೊದಲು…"

"ನನ್ನ ಅಂಟಿನ ಡಬ್ಬಿ ಬಾಯಿ ಬಿಡೋದು ನೀವು ಬಾಯಿ ಬಿಟ್ಟ ಮೇಲೇ."

ಅವರು ಅನುಮಾನಿಸಿದರು. ಹೆಂಡತಿ ಕೈಚೀಲವನ್ನು ಹೆಗಲಿಗೇರಿಸಿ, "ನಡೀರಿ," ಎಂದರು, ಅಷ್ಟೇ. ನಾನು ಒಡೆದ ಗಾಜನ್ನು ರಟ್ಟಿನ ಸಮೇತ ಎರಡೂ ತೋಳಿನ ಮೇಲೆ ಎತ್ತಿಕೊಂಡು ಮುಂದೆ ಹೊರಟೆ.

ಆಫೀಸಿನಲ್ಲಿ ಅಕ್ಕ ನಿಂತಿದ್ದಳು. ಎರಡು ಕುರ್ಚಿ ಖಾಲಿ ಇದ್ದರೂ ನಿಲ್ಲಿಸಿದ್ದರು. ಕೈಯಲ್ಲಿ ಪೆನ್ನಿತ್ತು. ಮ್ಯಾನೇಜರ್ ಕಾಗದದ ಮೇಲೆ ಬೆರಳಿಟ್ಟು, "ಇಲ್ಲಿ ಹಾಕು. ನಿನ್ನ ತಮ್ಮನೇ ಒಪ್ಕೊಂಡಿದ್ದಾನೆ, ನಿಂದೇನು?" ಎನ್ನುತ್ತಿದ್ದ. ನಾನು ರಟ್ಟನ್ನು ತಂದು ಆ ಕಾಗದದ ಮೇಲೇ ಇಟ್ಟೆ. ನಾಲ್ಕು ಚೂರು ಉದುರಿ ಅವನ ಟೀ ಲೋಟಕ್ಕೆ ಬಿದ್ದವು.

"ಏಯ್, ಏನಿದು?"

"ನಾನು ಒಪ್ಕೊಂಡಿದ್ದು ನನ್ನ ಬುದ್ಧಿಗೇಡಿತನ. ಇವರು ಹೇಳ್ತಾರೆ ಕೇಳು."

ರಿಮೋಟ್ ಸಾಹೇಬರು ಗಂಟಲು ಸರಿಮಾಡಿಕೊಂಡರು. ಮ್ಯಾನೇಜರ್ ಕಡೆ ತಿರುಗಿ, "ಒಂದು ಸಣ್ಣ ತಪ್ಪು ತಿಳುವಳಿಕೆ ಆಗಿದೆ…" ಎಂದು ಶುರುಮಾಡಿದರು.

"ಅವನಿಗಲ್ಲ," ಎಂದೆ. "ನಾಲ್ಕು ದಿನ ಮನೇಲಿ ಕೂತಿದ್ದು ಅವನಲ್ಲ. ಇವಳ ಮುಖ ನೋಡಿ ಹೇಳಿ."

ಅವರು ಹೇಳಿದರು. ನೆಲ ನೋಡುತ್ತಾ ಶುರುಮಾಡಿ, ಹೆಂಡತಿ "ರೀ" ಎಂದ ಮೇಲೆ ತಲೆಯೆತ್ತಿ ಮುಗಿಸಿದರು. ಕಂಬಿ, ಗುಂಡಿ, ಮೊಗ್ಗು, ಎಲ್ಲ. ಕೊನೆಗೆ "ತಪ್ಪಾಯ್ತಮ್ಮ" ಎಂದೂ ಅಂದರು. ಅಕ್ಕ ಕೇಳಿಸಿಕೊಂಡಳು. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

"ಉಗ್ರಾಣದ ಬೀಗದ ಕೈ ಕೊಡಿ," ಎಂದಳು ಮ್ಯಾನೇಜರ್‌ಗೆ. "ನಾಲ್ಕು ದಿನದ ಹುಲ್ಲು ಬೆಳೆದಿದೆ."

ನಾನು ವಾಪಸ್ ಬಂದು ಕೆಲಸ ಮುಗಿಸಿದೆ. ಕೆಟ್ಟದಾಗಿ ಮಾಡಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಕೈ ಕೇಳಬೇಕಲ್ಲ. ಅಂಚು ಒರೆಸಿ, ಅಂಟು ಗಟ್ಟಿಯಾಗಿ ಹಿಡಿಯಲು ಪ್ರೈಮರ್ ಬಳಿದು, ಅಂಟಿನ ಗೆರೆಯನ್ನು ಎಲ್ಲೂ ತುಂಡಾಗದ ಹಾಗೆ ಸುತ್ತಲೂ ಎಳೆದು, ಗಾಜು ಕೂರಿಸಿದೆ. ಮೂರು ಗಂಟೆ ಗಾಡಿ ಅಲ್ಲಾಡಿಸಬಾರದು, ಕಿಟಕಿ ಒಂದು ಬೆರಳಷ್ಟು ತೆರೆದಿಡಬೇಕು, ಬಾಗಿಲು ದಢಾರನೆ ಹಾಕಬಾರದು ಎಂದು ಸಾಹೇಬರ ಹೆಂಡತಿಗೆ ಹೇಳಿದೆ. ಸಾಹೇಬರು ಒಂದು ಗಂಟೆಗೆ ನಡೆದುಕೊಂಡೇ ಗೇಟು ದಾಟಿದರು.

ಕೈ ಒರೆಸಿಕೊಂಡು ಹುಲ್ಲಿನ ಕಡೆ ಹೋದೆ. ಅಕ್ಕ ಮೆಷಿನ್‌ಗೆ ಪೆಟ್ರೋಲ್ ಹಾಕುತ್ತಿದ್ದಳು. ನಾನು ನಕ್ಕೆ, ಗೆದ್ದು ಬಂದವನ ಹಾಗೆ. "ನೋಡಿದ್ಯಾ ಅವನ ಮುಖಾನ? ಹೇಗೆ ಬೆವರು ಇಳಿಸ್ದೆ!"

ಅವಳು ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿಮಾಡಿದಳು. ಆಮೇಲೆ ನನ್ನನ್ನು ನೋಡಿದಳು, ನಾಲ್ಕು ದಿನದಲ್ಲಿ ಮೊದಲ ಸಲ.

"ಆ ಮೊಗ್ಗು ಸಿಗದೆ ಹೋಗಿದ್ರೆ?"

"ಏನು?"

"ಅದು ಸಿಗದೆ ಹೋಗಿದ್ರೆ, ಆ ಗಾಜಿನ ತೂತು ಇಲ್ದೆ ಹೋಗಿದ್ರೆ, ನೀನು ನನ್ನ ನಂಬ್ತಿದ್ಯಾ? ಅವರು ಹೊರಗಿನವರು. ಅವರಿಗೆ ನಾನು ಮೆಷಿನ್ ಹಿಡಿದ ಹೆಂಗಸು, ಅಷ್ಟೇ. ನಿನಗೆ ಊಟ ಮಾಡ್ಸಿ, ನಡೆಯೋದು ಕಲಿಸಿದವಳು ನಾನು. ಒಂದೇ ಒಂದು ದಿನ ನಿನಗೆ ಸುಳ್ಳು ಹೇಳಿದ್ದೀನಾ?"

ನಾನು ಬಗ್ಗಿ ಅವಳ ಪೆಟ್ರೋಲ್ ಡಬ್ಬಿಯನ್ನು ಎತ್ತಿ ಬದಿಗಿಟ್ಟೆ.

"ಹೋಗು. ಕೂಲಿ ಪೂರ್ತಿ ಇಸ್ಕೊಂಡು ಹೋಗು," ಎಂದಳು. "ಪುಕ್ಕಟೆ ಮಾಡಿದ್ಯೋ, ನನ್ನ ಬಾಗಿಲು ತುಳೀಬೇಡ."

ಮೆಷಿನ್ ನೇತುಹಾಕುವ ಬೆಲ್ಟನ್ನು ಹೆಗಲಿಗೇರಿಸಿ, ದಾರ ಎಳೆದು ಮೆಷಿನ್ ಶುರುಮಾಡಿ, ನನಗೆ ಬೆನ್ನು ಹಾಕಿ ನಡೆದಳು. ನಾನು ಕಟ್ಟಿಕೊಟ್ಟಿದ್ದ ಲಾರಿ ರಬ್ಬರು ಹುಲ್ಲು ಕತ್ತರಿಸುವ ಅದರ ತುದಿಯ ಹತ್ತಿರ ತೂಗುತ್ತಿತ್ತು. ಅದರ ಎರಡೂ ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು, ಬಿಗಿದ ದಿನದಿಂದ ಯಾರೂ ಮುಟ್ಟಿರಲಿಲ್ಲ.